ಕೀಲು ಮತ್ತು ಕೀಲಿ
(ಅಲಖನೂರ ಸಾಕ್ಷರತಾ ಕೇಂದ್ರದಲ್ಲಿ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)



ಹಲಗೆಯ ಮೇಲೆ ಎರಡು ಶಬ್ದ ಬರೆದಿದ್ದೇನೆ. ಓದಿರಿ ನೋಡೋಣ.

ಕೀಲು. ಕೀಲಿ.

ಸರಿಯಾಗಿ ಓದಿದಿರಿ. ಮೊದಲಿನದಕ್ಕೆ ಕೊನೆಗೆ ಕೊಂಬು ಇದೆ. ಎರಡನೆಯದಕ್ಕೆ ಗುಡಿಸು ಇದೆ. ಅಷ್ಟೇ ವ್ಯತ್ಯಾಸ. ಕೀಲು ಅಂದರೆ ಎರಡು ಎಲುಬು ಕೂಡುವ ಜಾಗ. ಮೊಣಕಾಲು ಒಂದು ಕೀಲು. ಕೀಲಿ ಅಂದರೆ ನಾವು ಬಾಗಿಲಿಗೆ ಹಾಕುವ ಕೀಲಿ. ಇವತ್ತಿನ ಮಾತು ಈ ಎರಡು ಶಬ್ದಗಳದ್ದು.

ಯಾಕೆ ಈ ಮಾತು ಬಂತು? ಹೋದ ವಾರ ಪಾಠ ಮುಗಿಯಿತು. ನೀವೆಲ್ಲ ಎದ್ದು ಹೋದಿರಿ. ಒಬ್ಬ ಆಯಿ ಮಾತ್ರ ಏಳಲಿಲ್ಲ. ಗೋಡೆ ಹಿಡಿದರು. ಮೊಣಕಾಲ ಮೇಲೆ ಕೈ ಊರಿದರು. ಮತ್ತೆ ಕುಳಿತರು. ನಾನು ಓಡಿ ಹೋಗಿ ಕೈ ಕೊಟ್ಟೆ. ಆಗ ಅವರು ಹೇಳಿದರು:

"ಅಕ್ಕಾರ, ನನಗ ಈಗ ಅಕ್ಷರ ಬರ್ತಾವ. ಆದ್ರ ಕುಂತ್ರ ಏಳಾಕ ಬರೂದಿಲ್ಲ. ಮಣಕಾಲ ಗ್ಯಾಪ್ ಆಗೇತಿ ಅಂದಾರ. ನಾಳಿಂದ ನಾ ಸಾಲಿಗೆ ಬರೂದಿಲ್ಲ ಬಿಡ್ರಿ."

ಆಯಿ ಇವತ್ತು ಬಂದಿದ್ದಾರೆ. ನಾನೇ ಮನೆಗೆ ಹೋಗಿ ಕರೆದೆ. ಕುರ್ಚಿಯ ಮೇಲೆ ಕುಳಿತಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಯಾಕಂದರೆ ಇಲ್ಲಿ ಕುಳಿತ ಅರ್ಧ ಜನರ ಕಥೆ ಇದೇ. ಕಬ್ಬಿನಲ್ಲಿ ಕಸ ತೆಗೆಯುವುದು ಕುಕ್ಕರುಗಾಲಿನಲ್ಲಿ. ರೊಟ್ಟಿ ಬಡಿಯುವುದು ನೆಲದ ಮೇಲೆ. ಅರಿವೆ ಒಗೆಯುವುದು ಕುಕ್ಕರಿಸಿಕೊಂಡು. ನೀರಿನ ಕೊಡ ತಲೆಯ ಮೇಲೆ. ಭಾರವೆಲ್ಲ ಬೀಳುವುದು ಮೊಣಕಾಲ ಮೇಲೆ.

ಈ ಬೇನೆಗೆ ಡಾಕ್ಟರರು ಆಸ್ಟಿಯೋಆರ್ಥ್ರೈಟಿಸ್ ಅನ್ನುತ್ತಾರೆ. ಹೆಸರು ಉದ್ದ. ನಾವು ಕೀಲು ಸವೆತ ಅನ್ನೋಣ. ಇದು ನಮ್ಮ ಊರಿನದಷ್ಟೇ ಅಲ್ಲ. 2019ರ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 52 ಕೋಟಿ 80 ಲಕ್ಷ ಜನರಿಗೆ ಕೀಲು ಸವೆತ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಲೆಕ್ಕ ಇದು. ಅದರಲ್ಲಿ 100ಕ್ಕೆ 60 ಜನ ಹೆಣ್ಣುಮಕ್ಕಳು.

ಈಗ ಕೀಲಿನ ಒಳಗೆ ನೋಡೋಣ. ಮಟನ್ ಮಾಡುವವರು ಕುರಿಯ ಕಾಲೆಲುಬಿನ ತುದಿ ನೋಡಿರುತ್ತೀರಿ. ಅಲ್ಲಿ ಬಿಳಿಯ, ನುಣುಪಾದ ಒಂದು ಪದರ ಇರುತ್ತದೆ. ಒದ್ದೆ ಗಾಜಿನ ಹಾಗೆ ಜಾರುತ್ತದೆ. ಅದಕ್ಕೆ ಮೃದ್ವಸ್ಥಿ ಅಂತ ಹೆಸರು. ಮೃದು ಅಸ್ಥಿ, ಅಂದರೆ ಮೆತ್ತನೆಯ ಎಲುಬು. ನಮ್ಮ ಮೊಣಕಾಲಿನಲ್ಲೂ ಅದೇ ಪದರ ಇದೆ. ಎಲುಬಿಗೆ ಎಲುಬು ತಿಕ್ಕದಂತೆ ನಡುವೆ ನಿಂತಿದೆ. ವಯಸ್ಸು, ಭಾರ, ಹಳೆಯ ಪೆಟ್ಟು, ವರ್ಷಗಟ್ಟಲೆ ಕುಕ್ಕರಿಸಿದ ಕೆಲಸ, ಇವುಗಳಿಂದ ಅದು ತೆಳುವಾಗುತ್ತದೆ. ಆಗ ಎಲುಬು ಎಲುಬಿನ ಹತ್ತಿರ ಬರುತ್ತದೆ. ಗ್ಯಾಪ್ ಆಗುವುದು ಅನ್ನುತ್ತೀರಲ್ಲ, ಅದು ಉಲ್ಟಾ ಮಾತು. ಇದ್ದ ಗ್ಯಾಪ್ ಕಡಿಮೆ ಆಗುವುದೇ ಈ ರೋಗ.

ಒಂದು ಆಶ್ಚರ್ಯ ಕೇಳಿರಿ. ಆ ಬಿಳಿ ಪದರದಲ್ಲಿ ನರ ಇಲ್ಲ. ರಕ್ತನಾಳವೂ ಇಲ್ಲ. ರಕ್ತ ಬಾರದ್ದಕ್ಕೆ ಅದು ತಾನಾಗಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ನರ ಇಲ್ಲದ್ದಕ್ಕೆ ಅದು ಸವೆದರೂ ಮೊದಮೊದಲು ಗೊತ್ತಾಗುವುದಿಲ್ಲ. ಹಾಗಾದರೆ ನೋವು ಎಲ್ಲಿಂದ? ಕೀಲಿನ ಸುತ್ತ ಒಂದು ತೆಳು ಚೀಲ ಇದೆ. ಅದು ಬಾತುಕೊಳ್ಳುತ್ತದೆ. ಪದರದ ಕೆಳಗಿನ ಎಲುಬು ಒತ್ತಡಕ್ಕೆ ಸಿಗುತ್ತದೆ. ಚೀಲದಲ್ಲಿ ನರ ಇದೆ. ಎಲುಬಿನಲ್ಲಿ ನರ ಇದೆ. ಆ ನರಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ಆ ಸುದ್ದಿಗೇ ನಾವು ನೋವು ಅನ್ನುತ್ತೇವೆ.

ಸುದ್ದಿ ಹೇಗೆ ಹುಟ್ಟುತ್ತದೆ? ಇಲ್ಲಿಗೆ ನಮ್ಮ ಎರಡನೆಯ ಶಬ್ದ ಬಂತು. ಕೀಲಿ.

ನಮ್ಮ ಮೈಯೆಲ್ಲ ಜೀವಕೋಶಗಳಿಂದ ಆಗಿದೆ. ಜೀವಕೋಶ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮನೆ. ಗೋಡೆ ಇದೆ, ಒಳಗೆ ಕೆಲಸ ನಡೆದಿರುತ್ತದೆ. ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲು ಇವೆ. ಬಾಗಿಲಿಗೆ ಕೀಲಿ ಇದೆ. ಸರಿಯಾದ ಕೀಲಿಕೈ ಬಂದರೆ ಮಾತ್ರ ತೆರೆಯುತ್ತದೆ. ಈ ಬಾಗಿಲಿಗೆ ಪುಸ್ತಕದಲ್ಲಿ ಗ್ರಾಹಕ ಅಂತ ಬರೆಯುತ್ತಾರೆ. ಅಂಗಡಿಯ ಗಿರಾಕಿಗೂ ಅದೇ ಶಬ್ದ. ನನಗಂತೂ ಆ ಹೆಸರು ಸೇರುವುದಿಲ್ಲ. ನಾವು ಬಾಗಿಲು ಅಂತಲೇ ಅನ್ನೋಣ.

ನೋವಿನ ಬಾಗಿಲು ಯಾವುದು ಅಂತ ವಿಜ್ಞಾನಿಗಳು ಬಹಳ ವರ್ಷ ಹುಡುಕಿದರು. ಕೊನೆಗೆ ಒಂದು ಬಾಗಿಲು ಸಿಕ್ಕಿತು. ಅದನ್ನು ತೋರಿಸಿಕೊಟ್ಟದ್ದು ಯಾವುದು ಗೊತ್ತೇ? ಮೆಣಸಿನಕಾಯಿ.

ನಗಬೇಡಿರಿ. ಖರೆ ಹೇಳುತ್ತೇನೆ.

ಬೇಸಿಗೆಯಲ್ಲಿ ನಾವು ವರ್ಷದ ಖಾರ ಮಾಡಿಸುತ್ತೇವೆ. ಬಣ್ಣಕ್ಕೆ ಬ್ಯಾಡಗಿ ಕಾಯಿ, ಖಾರಕ್ಕೆ ಸಂಕೇಶ್ವರದ ಕಾಯಿ. ತುಂಬು ಬಿಡಿಸುವಾಗ ಕೈ ಉರಿಯುತ್ತದೆ. ಬೆಂಕಿ ಹತ್ತಿದ ಹಾಗೆ ಆಗುತ್ತದೆ. ಆದರೆ ಕೈ ಮುಟ್ಟಿ ನೋಡಿರಿ. ಬಿಸಿ ಇರುವುದಿಲ್ಲ. ಗುಳ್ಳೆ ಏಳುವುದಿಲ್ಲ. ಬೆಂಕಿ ಇಲ್ಲದೆ ಉರಿ ಎಲ್ಲಿಂದ ಬಂತು?

ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ಪದಾರ್ಥ ಇದೆ. ಬೀಜ ಹಿಡಿದುಕೊಂಡ ಬಿಳಿ ತಿರುಳಿನಲ್ಲಿ ಅದು ಹೆಚ್ಚು. ಅದೇ ಖಾರ. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಕೈ ಉರಿದಾಗ ಬರೀ ನೀರು ಸಾಲುವುದಿಲ್ಲ. ನಮ್ಮ ಹಿರಿಯರು ಎಣ್ಣೆ ಹಚ್ಚಿ ಆಮೇಲೆ ತೊಳೆ ಅನ್ನುತ್ತಿದ್ದರು. ಸರಿಯಾಗಿಯೇ ಹೇಳಿದ್ದರು.

ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಊರು ಇದೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ ಇದ್ದಾರೆ. ಅವರೂ ಅವರ ಜೊತೆಗಾರರೂ ಹೀಗೆ ಯೋಚಿಸಿದರು. ಖಾರ ತಾಗಿದರೆ ನರ ಉರಿ ಅನ್ನುತ್ತದೆ. ಅಂದರೆ ಖಾರಕ್ಕೆ ಹೊಂದುವ ಬಾಗಿಲು ನರದ ಕೋಶದಲ್ಲಿ ಇರಲೇಬೇಕು. ಅದನ್ನು ಹುಡುಕೋಣ. ಅವರು ಖಾರ ಗೊತ್ತೇ ಆಗದ ಬೇರೆ ಜೀವಕೋಶಗಳನ್ನು ತೆಗೆದುಕೊಂಡರು. ನರದ ಕೋಶದಲ್ಲಿ ಬಾಗಿಲು ಮಾಡುವ ಬರಹ ಇರುತ್ತದಲ್ಲ, ಅದಕ್ಕೆ ಜೀನ್ ಅನ್ನುತ್ತಾರೆ. ಅಂಥ ಸಾವಿರಾರು ಜೀನುಗಳನ್ನು ಗುಂಪು ಗುಂಪಾಗಿ ಆ ಕೋಶಗಳಿಗೆ ಹಾಕಿದರು. ಪ್ರತಿ ಗುಂಪಿಗೂ ಖಾರ ಹಾಕಿ ನೋಡಿದರು. ನಾವು ಅಕ್ಕಿ ಹಸನ ಮಾಡುವಾಗ ಹರಳು ಹುಡುಕಿದಂತೆ ಹುಡುಕಿದರು. ಕೊನೆಗೆ ಒಂದು ಗುಂಪು ಖಾರಕ್ಕೆ ಎಚ್ಚರಾಯಿತು. ಅದನ್ನು ಮತ್ತೆ ಮತ್ತೆ ಸೋಸಿದರು. ಒಂದೇ ಒಂದು ಜೀನ್ ಉಳಿಯಿತು. ಅದು 1997. ಆ ಬಾಗಿಲಿಗೆ ಈಗ ಟಿಆರ್‌ಪಿವಿ-1 ಎಂದು ಹೆಸರು.

ಈ ಬಾಗಿಲಿನ ಗುಣ ನೋಡಿರಿ. ಖಾರ ಬಂದರೆ ತೆರೆಯುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೂ ಅದೇ ತೆರೆಯುತ್ತದೆ. ಎರಡಕ್ಕೂ ಒಂದೇ ಬಾಗಿಲು. ಅದಕ್ಕೇ ಖಾರ ತಿಂದರೆ ಬಾಯಿ ಸುಟ್ಟ ಹಾಗೆ ಆಗುವುದು. ಮಿದುಳಿಗೆ ಬಿಸಿ ಯಾವುದು, ಖಾರ ಯಾವುದು ಎಂದು ಬೇರೆ ತಿಳಿಯುವುದಿಲ್ಲ. ಇನ್ನೊಂದು ಮಾತು. ಗಿಳಿ, ಕೋಳಿ, ಹಕ್ಕಿಗಳಿಗೂ ಈ ಬಾಗಿಲು ಇದೆ. ಆದರೆ ಅವುಗಳ ಬಾಗಿಲಿಗೆ ಖಾರದ ಕೀಲಿಕೈ ಹೊಂದುವುದಿಲ್ಲ. ಗಿಳಿ ಮೆಣಸಿನಕಾಯಿ ತಿಂದು ಸುಮ್ಮನೆ ಕೂಡುವುದನ್ನು ನೋಡಿದ್ದೀರಿ. ಗಿಳಿ ಗಟ್ಟಿ ಅಲ್ಲ. ಅದಕ್ಕೆ ಖಾರ ಅನ್ನುವುದೇ ಗೊತ್ತಿಲ್ಲ.

ಈ ಕೆಲಸಕ್ಕಾಗಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂತು. ಜಗತ್ತಿನ ದೊಡ್ಡ ಬಹುಮಾನ ಅದು. ಮುಟ್ಟಿದರೆ, ಒತ್ತಿದರೆ ತೆರೆಯುವ ಬಾಗಿಲನ್ನು ಹುಡುಕಿದ ಆರ್ಡೆಮ್ ಪಟಪೂಟಿಯನ್ ಎಂಬುವರಿಗೂ ಜೊತೆಗೇ ಬಂತು.

"ಅಕ್ಕಾರ, ಬಹುಮಾನ ಅವರಿಗೆ ಬಂತು, ನಮ್ಮ ಮಣಕಾಲಿಗೆ ಏನು ಬಂತು?" ಎಂದು ಈಗ ಯಾರೋ ಹಿಂದಿನಿಂದ ಅಂದಿರಿ. ಒಳ್ಳೆಯ ಪ್ರಶ್ನೆ.

ಮೊಣಕಾಲಿನ ನರದಲ್ಲೂ ಇದೇ ಬಾಗಿಲು ಇದೆ. ಕೀಲು ಬಾತಾಗ ಅಲ್ಲಿ ಹುಳಿ ಅಂಶ ಮತ್ತು ಬೇರೆ ಪದಾರ್ಥಗಳು ಕೂಡುತ್ತವೆ. ಅವು ಬಾಗಿಲನ್ನು ಸಡಿಲ ಮಾಡುತ್ತವೆ. ಮೊದಲು 43 ಡಿಗ್ರಿಗೆ ತೆರೆಯುತ್ತಿದ್ದದ್ದು ಈಗ ಮೈಯ ಬಿಸಿಗೇ ತೆರೆಯುವಂತಾಗುತ್ತದೆ. ಸುಮ್ಮನೆ ಕುಳಿತರೂ ಕಾಲು ಕುದಿಯುತ್ತದೆ ಅನ್ನುತ್ತೀರಲ್ಲ, ಅದಕ್ಕೆ ಇದೂ ಒಂದು ಕಾರಣ. ಹಾಗಾದರೆ ಈ ಬಾಗಿಲನ್ನು ಹಿಡಿದರೆ ನೋವು ಹಿಡಿತಕ್ಕೆ ಬರುತ್ತದೆ ಅಲ್ಲವೇ? ಔಷಧ ಮಾಡುವವರೂ ಹಾಗೇ ಅಂದುಕೊಂಡರು.

ಮೊದಲು ಬಾಗಿಲಿಗೆ ಕೀಲಿ ಹಾಕಿ ನೋಡಿದರು. ಬಾಗಿಲು ತೆರೆಯದ ಹಾಗೆ ಮಾಡುವ ಗುಳಿಗೆ ತಯಾರಾಯಿತು. ಏನಾಯಿತು? ಗುಳಿಗೆ ತಗೊಂಡವರಿಗೆ ಜ್ವರ ಬಂತು. 2008ರಲ್ಲಿ ಬರೆದ ಒಂದು ವರದಿಯಲ್ಲಿ ಕೆಲವರ ಮೈ ಬಿಸಿ 40 ಡಿಗ್ರಿಯವರೆಗೆ ಏರಿತ್ತು. ನಮ್ಮ ಲೆಕ್ಕದಲ್ಲಿ 104. ಮೈಯ ಬಿಸಿ ಅಳೆಯುವ ಕೆಲಸದಲ್ಲೂ ಈ ಬಾಗಿಲಿನ ಪಾಲು ಇತ್ತು. ಅದನ್ನು ಮುಚ್ಚಿದ್ದಕ್ಕೆ ಮೈಯ ಲೆಕ್ಕ ತಪ್ಪಿತು. ಅಂಥ ಬೇರೆ ಕೆಲವು ಗುಳಿಗೆಗಳಿಂದ ಜನರಿಗೆ ಬಿಸಿಯೇ ಸರಿಯಾಗಿ ತಿಳಿಯದಂತಾಯಿತು. ಸುಡುವ ನೀರು ಬೆಚ್ಚಗೆ ಅನ್ನಿಸಿತು. ನೀವೇ ಯೋಚಿಸಿರಿ. ಹಂಚಿನ ಮೇಲೆ ರೊಟ್ಟಿ ತಿರುವುವ ಕೈಗೆ ಬಿಸಿ ತಿಳಿಯದಿದ್ದರೆ ಹೇಗೆ? ಚಾ ಕುಡಿಯುವ ಬಾಯಿಗೆ ತಿಳಿಯದಿದ್ದರೆ ಹೇಗೆ? ಆ ದಾರಿ ಕಷ್ಟದ್ದಾಯಿತು.

ಎರಡನೆಯ ದಾರಿ ತಿರುವಿನದು. ಬಾಗಿಲನ್ನು ಮುಚ್ಚಬೇಡ, ತೆರೆ. ಮತ್ತೆ ಮತ್ತೆ ತೆರೆ. ನರ ದಣಿಯುತ್ತದೆ. ನರದ ತುದಿ ಸ್ವಲ್ಪ ಕಾಲ ಹಿಂದೆ ಸರಿಯುತ್ತದೆ. ದಿನಾ ಖಾರ ತಿನ್ನುವವರಿಗೆ ಖಾರ ಅಷ್ಟು ಹತ್ತುವುದಿಲ್ಲ, ಹಾಗೇ ಇದು. ಹೀಗೆ ಕ್ಯಾಪ್ಸೈಸಿನ್ ಮುಲಾಮು ಬಂತು. ಮೊಣಕಾಲಿಗೆ ದಿನಕ್ಕೆ ಮೂರು-ನಾಲ್ಕು ಸಲ ಹಚ್ಚಬೇಕು. ಮೊದಲ ವಾರ ಉರಿಯುತ್ತದೆ. ಎರಡು-ಮೂರು ವಾರದ ಮೇಲೆ ಕೆಲವರಿಗೆ ನೋವು ಇಳಿಯುತ್ತದೆ. ಎಲ್ಲರಿಗೂ ಅಲ್ಲ. ಕೀಲು ರೋಗದ ಡಾಕ್ಟರರ ಸಂಘಗಳು ಮೊಣಕಾಲಿಗೆ ಇದನ್ನು ಹಚ್ಚಿ ನೋಡಬಹುದು ಅನ್ನುತ್ತವೆ. ಡಾಕ್ಟರರನ್ನು ಕೇಳಿಯೇ ತರಬೇಕು. ಹಚ್ಚಿದ ಕೈ ಸಾಬೂನಿನಿಂದ ತೊಳೆಯಬೇಕು. ಕಣ್ಣು ಮುಟ್ಟಬಾರದು. ಕೂಸಿಗೆ ಹಾಲು ಕುಡಿಸುವವರು ಎರಡು ಪಟ್ಟು ಎಚ್ಚರ ಇರಬೇಕು.

ಇಲ್ಲಿ ಒಂದು ಮಾತು ಜೋರಾಗಿ ಹೇಳುತ್ತೇನೆ. ಅಡುಗೆ ಮನೆಯ ಖಾರಪುಡಿ ಕಲಸಿ ಮೊಣಕಾಲಿಗೆ ಕಟ್ಟಬೇಡಿರಿ. ಮುಲಾಮಿನಲ್ಲಿ ಖಾರ ಎಷ್ಟು ಅಂತ ತೂಗಿ ಹಾಕಿರುತ್ತಾರೆ. ಬಹಳ ಬಹಳ ಕಡಿಮೆ ಇರುತ್ತದೆ. ನಮ್ಮ ಡಬ್ಬಿಯ ಖಾರಕ್ಕೆ ಲೆಕ್ಕ ಇಲ್ಲ. ಚರ್ಮ ಕಿತ್ತು ಹೋದೀತು.

ಅದೇ ಖಾರವನ್ನು ಶುದ್ಧ ಮಾಡಿ ಕೀಲಿನ ಒಳಗೇ ಸೂಜಿಯಿಂದ ಹಾಕಿಯೂ ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 170ಕ್ಕೂ ಹೆಚ್ಚು ಜನ ಇದ್ದರು. ಹಾಕಿದ್ದು ಒಂದು ಮಿಲಿಗ್ರಾಂ ಮಾತ್ರ. ಒಂದು ಗ್ರಾಮನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಆ ಸೂಜಿ ಪಡೆದವರಿಗೆ ನಡೆಯುವಾಗಿನ ನೋವು 24 ವಾರಗಳವರೆಗೆ ಕಡಿಮೆ ಇತ್ತು. ಮೊರಾಕ್ಕೊ ದೇಶದಲ್ಲಿ ಕಳ್ಳಿ ಜಾತಿಯ ಒಂದು ಗಿಡ ಇದೆ. ಅದರ ಹಾಲಿನಲ್ಲಿ ಕ್ಯಾಪ್ಸೈಸಿನ್‌ಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಬಲದ ಪದಾರ್ಥ ಇದೆ. ಅದೂ ಇದೇ ಬಾಗಿಲಿನ ಕೀಲಿಕೈ. ಅದನ್ನೂ ಮೊಣಕಾಲಿಗೆ ಹಾಕುವ ದೊಡ್ಡ ಪರೀಕ್ಷೆಗಳು 2022ರಲ್ಲಿ ಶುರುವಾದವು. ನಮ್ಮ ಬದುವಿನ ಕಳ್ಳಿಯ ಹಾಲನ್ನು ಮಾತ್ರ ಯಾರೂ ಹಚ್ಚಿಕೊಳ್ಳಬೇಡಿರಿ. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು.

ಈಗ ಬೇರೆ ಒಂದು ಬಾಗಿಲಿನ ಕಥೆ. ಇದನ್ನು ಹೇಳುವಾಗ ನನಗೆ ನಮ್ಮವ್ವ ನೆನಪಾಗುತ್ತಾಳೆ.

ಕೀಲು ಬಾತಾಗ ಮೈ ಒಂದು ಪದಾರ್ಥ ಮಾಡುತ್ತದೆ. ಅದು ನರದ ಇನ್ನೊಂದು ಬಾಗಿಲು ತಟ್ಟಿ ನೋವು ಹೆಚ್ಚಿಸುತ್ತದೆ. ಆ ಪದಾರ್ಥವನ್ನು ದಾರಿಯಲ್ಲೇ ಹಿಡಿಯುವ ಔಷಧ ಒಂದು ಬಂತು. ಹೆಸರು ಟ್ಯಾನೆಜುಮ್ಯಾಬ್. ಸೂಜಿ ಹಾಕಿಸಿಕೊಂಡವರಿಗೆ ನೋವು ಚೆನ್ನಾಗಿ ಇಳಿಯಿತು. ಎಲ್ಲರಿಗೂ ಸಂತೋಷವಾಯಿತು. ಆದರೆ ಕೆಲವರ ಕೀಲು ಮೊದಲಿಗಿಂತ ಬೇಗ ಬೇಗ ಹಾಳಾಯಿತು. ಕೆಲವರಿಗೆ ಕೀಲು ಬದಲಿಸುವ ಆಪರೇಶನ್ನೇ ಬೇಕಾಯಿತು. ಇದಕ್ಕೆಲ್ಲ ಕಾರಣ ಇಂಥದ್ದೇ ಅಂತ ಒಂದೇ ಮಾತಿನಲ್ಲಿ ಹೇಳಲಾಗದು. ನೋವಿಲ್ಲದ್ದಕ್ಕೆ ಹಾಳಾದ ಕೀಲಿನ ಮೇಲೆ ಹೆಚ್ಚು ಭಾರ ಹಾಕಿರಬಹುದು ಅನ್ನುವುದು ಒಂದು ವಿಚಾರ. 2021ರ ಮಾರ್ಚ್‌ನಲ್ಲಿ ಅಮೆರಿಕ ಸರಕಾರಕ್ಕೆ ಸಲಹೆ ಕೊಡುವ ತಜ್ಞರು ಕೂಡಿದರು. 19 ಜನ ಬೇಡ ಅಂದರು. ಒಬ್ಬರು ಮಾತ್ರ ಬೇಕು ಅಂದರು. ಅದೇ ವರ್ಷ ಕಂಪನಿ ಆ ಕೆಲಸ ಕೈಬಿಟ್ಟಿತು.

ನಮ್ಮವ್ವನಿಗೆ ಆ ಸೂಜಿ ಯಾರೂ ಹಾಕಿರಲಿಲ್ಲ. ಆದರೆ ಕಥೆ ಹತ್ತಿರದ್ದೇ. ಅವಳ ಎರಡೂ ಮೊಣಕಾಲು ಸವೆದಿದ್ದವು. ಸಂತೆಯಲ್ಲಿ ಒಬ್ಬ ಕಾಗದದ ಪುಡಿಕೆಯಲ್ಲಿ ಗುಳಿಗೆ ಕಟ್ಟಿ ಕೊಡುತ್ತಿದ್ದ. ಮೇಲೆ ಹೆಸರಿಲ್ಲ, ತಾರೀಖಿಲ್ಲ. "ಆಯುರ್ವೇದ ಐತಿ, ಏನೂ ಆಗೂದಿಲ್ಲ" ಅನ್ನುತ್ತಿದ್ದ. ಮೂರೇ ದಿನಕ್ಕೆ ನೋವು ಮಾಯವಾಯಿತು. ಅವ್ವ ಅವನನ್ನು ದೇವರು ಅಂದಳು. ಮತ್ತೆ ಕಸ ತೆಗೆಯಲು ಹೋದಳು. ಮತ್ತೆ ಮೇವಿನ ಹೊರೆ ಹೊತ್ತಳು. ಒಂದೂವರೆ ವರ್ಷ ಹೀಗೇ ನಡೆಯಿತು. ಮುಖ ಬಾತು ಗುಂಡಗಾಯಿತು. ನಾವು ಮೈ ತುಂಬಿಕೊಂಡಳು ಅಂದುಕೊಂಡೆವು. ಒಂದು ದಿನ ತಲೆ ತಿರುಗಿ ಬಿದ್ದಳು. ದವಾಖಾನೆಯಲ್ಲಿ ನೋಡಿದರೆ ಸಕ್ಕರೆ ಏರಿತ್ತು. ಡಾಕ್ಟರರು ಪುಡಿಕೆ ತರಿಸಿ ನೋಡಿ, ಇದರಲ್ಲಿ ಸ್ಟಿರಾಯ್ಡ್ ಇರಬೇಕು ಅಂದರು. ಎಕ್ಸರೇ ನೋಡಿದರೆ ಬಲಗಾಲಿನಲ್ಲಿ ಎಲುಬಿಗೆ ಎಲುಬು ಹತ್ತಿತ್ತು.

ಆಗ ನಾನು ಟಿಸಿಎಚ್ ಕಲಿತ ಮಾಸ್ತರಿಣಿ. ಮನೆಯಲ್ಲಿ ಓದಿದವಳು ನಾನೇ. ಆ ಪುಡಿಕೆಯ ಮೇಲೆ ಓದಲು ಏನೂ ಇಲ್ಲ ಅನ್ನುವುದನ್ನೇ ನಾನು ನೋಡಲಿಲ್ಲ. ಇದು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಯಾರಾದರೂ ಅಂಥ ಗುಳಿಗೆ ಬಹಳ ದಿನದಿಂದ ತಗೊಳ್ಳುತ್ತಿದ್ದರೆ, ಇವತ್ತು ಹೆದರಿ ಒಮ್ಮೆಲೆ ಬಿಡಬೇಡಿರಿ. ಸ್ಟಿರಾಯ್ಡ್ ಒಮ್ಮೆಲೆ ಬಿಟ್ಟರೆ ಜೀವಕ್ಕೆ ಅಪಾಯ ಆಗಬಹುದು. ಪುಡಿಕೆ ಸಮೇತ ಸರಕಾರಿ ದವಾಖಾನೆಗೆ ಹೋಗಿರಿ. ಡಾಕ್ಟರರು ಮೆಲ್ಲಗೆ ಬಿಡಿಸುತ್ತಾರೆ.

ಇಷ್ಟು ಹೊತ್ತು ನೋವಿನ ಬಾಗಿಲ ಮಾತಾಯಿತು. ಸವೆದ ಪದರಕ್ಕೆ ಏನು ಮಾಡುತ್ತಾರೆ? ಅದನ್ನು ಮೊದಲಿನಂತೆ ಬೆಳೆಸುವ ಗುಳಿಗೆ ಅಂತ ಯಾರಾದರೂ ಮಾರಿದರೆ ನಂಬಬೇಡಿರಿ. ಹುಡುಕಾಟ ಮಾತ್ರ ನಡೆದಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 2021ರ ಸುಮಾರಿಗೆ ಒಂದು ಕೆಲಸ ಆಯಿತು. ರಾಪಾಮೈಸಿನ್ ಎಂಬ ಔಷಧವನ್ನು ಅತಿ ಸಣ್ಣ ಕಣಗಳಲ್ಲಿ ತುಂಬಿದರು. ಆಪರೇಶನ್ ಮಾಡಿದಾಗ ತಾನೇ ಕರಗುವ ಹೊಲಿಗೆ ಹಾಕುತ್ತಾರಲ್ಲ, ಅಂಥ ವಸ್ತುವಿನ ಕಣ. ಕೀಲಿನೊಳಗೆ ಹಾಕಿದರೆ ಔಷಧ ಮೆಲ್ಲಗೆ ಸೋರುತ್ತದೆ. ಇಲಿಗಳ ಕೀಲಿನಲ್ಲಿ ಸವೆತ ಕಡಿಮೆಯಾಯಿತು. ಇಲಿಯಿಂದ ಮನುಷ್ಯನವರೆಗೆ ದಾರಿ ದೂರ.

ಅಲ್ಲಿಯವರೆಗೆ ಕೈಯಲ್ಲಿ ಇರುವುದನ್ನು ಮಾಡೋಣ. ಕುರ್ಚಿ ಅಥವಾ ಕಟ್ಟೆಯ ಮೇಲೆ ಕುಳಿತುಕೊಳ್ಳಿರಿ. ಒಂದು ಕಾಲು ಮುಂದೆ ನೀಟಾಗಿ ಚಾಚಿರಿ. ಒಂದರಿಂದ ಹತ್ತು ಎಣಿಸಿರಿ. ಮೆಲ್ಲಗೆ ಇಳಿಸಿರಿ. ಆಮೇಲೆ ಇನ್ನೊಂದು ಕಾಲು. ಹೀಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಅದು ಹೊರುತ್ತದೆ. ಈ ರೋಗಕ್ಕೆ ಎಲ್ಲ ದೇಶದ ಡಾಕ್ಟರರೂ ಮೊದಲು ಹೇಳುವುದು ಇದನ್ನೇ. ಮೈ ಭಾರ ಇದ್ದವರು ಸ್ವಲ್ಪ ಇಳಿಸಿದರೂ ಕಾಲಿಗೆ ಗೊತ್ತಾಗುತ್ತದೆ. ರೊಟ್ಟಿಯ ಹಲಗೆ ಕಟ್ಟೆಯ ಮೇಲೆ ಇಡಬಹುದು. ಅರಿವೆ ಒಗೆಯಲು ಸಣ್ಣ ಸ್ಟೂಲ್ ಸಾಕು. "ಗಂಡಸರು ಏನು ಅಂದಾರು" ಅನ್ನಬೇಡಿರಿ. ಅವರು ಕಟ್ಟೆಯ ಮೇಲೆ ಕುಳಿತೇ ಮಾತಾಡುತ್ತಾರೆ.

ಮೊಣಕಾಲು ಕೆಂಪಾಗಿ ಬಾತು ಜ್ವರ ಬಂದರೆ, ಬಿದ್ದು ಪೆಟ್ಟಾಗಿ ಕಾಲು ಊರಲು ಬಾರದಿದ್ದರೆ, ಅದು ಬರೀ ಸವೆತ ಅಲ್ಲ. ಅವತ್ತೇ ದವಾಖಾನೆಗೆ ಹೋಗಬೇಕು.

ಆಯಿ, ನಿಮಗೆ ಒಂದು ಮಾತು. ಹೆಡ್‌ಮಾಸ್ತರರನ್ನು ಕೇಳಿದ್ದೇನೆ. ಐದನೆಯ ಇಯತ್ತೆಯ ಎರಡು ಬೆಂಚು ನಾಳೆಯಿಂದ ಇಲ್ಲಿಗೆ ಬರುತ್ತವೆ. ಕಾಲು ನೋಯುವವರು ಬೆಂಚಿನ ಮೇಲೆ ಕೂಡಬೇಕು. ಪಾಠದ ನಡುವೆ ಕಾಲು ಚಾಚಿ ಹತ್ತು ಎಣಿಸಬಹುದು. ನಾನು ಬೈಯುವುದಿಲ್ಲ.

ಗುಳಿಗೆಯ ಚೀಟಿ ತರ್ರಿ ಅಂತ ನಿನ್ನೆ ಹೇಳಿದ್ದೆ. ತಂದವರು ಈ ಕಡೆ ಬರ್ರಿ. ಹೆಸರು ಎಲ್ಲಿದೆ, ತಾರೀಖು ಎಲ್ಲಿದೆ, ಕೂಡಿ ಓದೋಣ. ಹೆಸರು ಇಂಗ್ಲಿಷ್‌ನಲ್ಲಿದ್ದರೆ ನಾನು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಪುಡಿಕೆ ತಂದವರು ಮುಚ್ಚಿಡಬೇಡಿರಿ, ಮೊದಲು ಅವರೇ ಬರ್ರಿ.